ಟೀಚರ ನಂಬರಿಗೆ ಹೋದ ಓಟಿಪಿ

ಹೆಂಡತಿ ತೀರಿಹೋಗಿ, ಅವಳ ಬೊಜ್ಜದ ಊಟ ಮುಗಿದ ಮರುದಿನ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ, ಅವಳ ಫೋನ್ ಸ್ವಿಚ್ ಆಫ್ ಮಾಡಿದ್ದು.

ದೊಡ್ಡ ಕಾರಣವೇನಿಲ್ಲ. ಅದು ನಿಲ್ಲದೆ ಹೊಡೆದುಕೊಳ್ಳುತ್ತಿತ್ತು. "ಟೀಚರ್ ಇದ್ದಾರಾ?" ಎಂದು ಆ ಕಡೆಯವರು ಕೇಳುತ್ತಿದ್ದರು. ಇಲ್ಲ ಎಂದರೆ "ಎಷ್ಟು ಹೊತ್ತಿಗೆ ಬರ್ತಾರೆ?" ಎನ್ನುತ್ತಿದ್ದರು. ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಸಲ ಅದಕ್ಕೆ ಉತ್ತರ ಹೇಳಬಹುದು? ಆಫ್ ಮಾಡಿದೆ. ಕಪಾಟಿನಲ್ಲಿ ಅವಳ ಸೀರೆಗಳ ನಡುವೆ ಇಟ್ಟೆ. ಬಾಗಿಲು ಹಾಕಿದೆ.

ನಾನು ಒತ್ತಿದ ಆ ಒಂದು ಗುಂಡಿ ಇನ್ನೊಬ್ಬರ ಬದುಕಿಗೆ ಹೋಗಿ ತಾಗುತ್ತದೆ ಎಂದು ಆಗ ಹೊಳೆಯಲಿಲ್ಲ. ಹೊಳೆದದ್ದು ನಾಲ್ಕು ತಿಂಗಳಾದ ಮೇಲೆ. ಕಳೆದ ವಾರ.

(ಈ ನಾಲ್ಕು ತಿಂಗಳು ಪತ್ರಿಕೆಯ ಇದೇ ಜಾಗದಲ್ಲಿ ಬೇರೆಯವರು ಬರೆದರು. ನನಗಿಂತ ಚೆನ್ನಾಗಿಯೇ ಬರೆದರು. ಆದರೂ ಕೆಲವರು "ಆ ಬದಿಯಡ್ಕದ ಟೈಲರ್ ಎಲ್ಲಿ?" ಎಂದು ಕೇಳಿದಿರಂತೆ. ಇಲ್ಲಿಯೇ ಇದ್ದೆ. ರವಿಕೆ ಹೊಲಿಯುತ್ತಿದ್ದೆ. ಹೊಲಿಯುವಾಗ ಯೋಚನೆ ಮಾಡಬೇಕೆಂದಿಲ್ಲ, ಬರೆಯುವಾಗ ಮಾಡಬೇಕಾಗುತ್ತದೆ. ಅಷ್ಟೇ ವ್ಯತ್ಯಾಸ.)

ನನ್ನ ಹೆಂಡತಿ ಪೇಟೆಯ ಹಿಂಬದಿಯ ಕಾಲನಿಯಲ್ಲಿ ಅಂಗನವಾಡಿ ಟೀಚರ್ ಆಗಿದ್ದಳು. ಈಗ ಕಾಲನಿ ಎನ್ನಬಾರದಂತೆ, ನಗರ ಎನ್ನಬೇಕಂತೆ. ಹೊಸ ಬೋರ್ಡೂ ಬಂದಿದೆ. ಮನೆಗಳು ಮಾತ್ರ ಮೊದಲಿನ ಹಾಗೆಯೇ ನಾಲ್ಕು ನಾಲ್ಕು ಸೆಂಟ್ ಜಾಗದಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಮೂರು ಮನೆಯವರು ಸೀನುತ್ತಾರೆ.

ಬೆಳಿಗ್ಗೆ ಅವಳು ಮಕ್ಕಳ ಟೀಚರ್. ಆದಿತ್ಯವಾರ ಮಧ್ಯಾಹ್ನ ಅದೇ ಮಕ್ಕಳ ಅಮ್ಮಂದಿರ ಟೀಚರ್. ಹತ್ತು ಹನ್ನೆರಡು ಹೆಂಗಸರನ್ನು ಅಂಗನವಾಡಿಯ ಜಗಲಿಯಲ್ಲಿ ಕೂರಿಸಿ ಸರಕಾರಿ ಕೆಲಸದ ಪರೀಕ್ಷೆಗೆ ತಯಾರು ಮಾಡುತ್ತಿದ್ದಳು. (ಯಾವ ಪರೀಕ್ಷೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮೂರಕ್ಷರದ ಹೆಸರು. ಮದುವೆಯ ಮನೆಯಲ್ಲಿ ಹುಡುಗನ ಬಗ್ಗೆ ಕೇಳುವ ಎರಡನೆಯ ಪ್ರಶ್ನೆಯೇ ಅದು.) ಯಾರೂ ಹೇಳಿ ಮಾಡಿಸಿದ್ದಲ್ಲ. ಅವಳಿಗೆ ಸುಮ್ಮನೆ ಕೂರಲಿಕ್ಕೆ ಆಗುತ್ತಿರಲಿಲ್ಲ.

ಅವಳ ಕ್ಲಾಸಿಗೆ ಒಂದು ಕಾನೂನಿತ್ತು. ತಡವಾಗಿ ಬಂದವರು ಎದ್ದು ನಿಂತು ಮಲಯಾಳ ಪೇಪರ್ ಗಟ್ಟಿಯಾಗಿ ಓದಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತ ಈ ಹೆಂಗಸರಿಗೆ ಮಲಯಾಳದ ಅಕ್ಷರ ಎಂದರೆ ಹಾವು ಕಂಡ ಹಾಗೆ. ಆದರೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ಕೆಲವು ಕ್ಲರ್ಕ್ ಹುದ್ದೆಗಳಿವೆ. ಅವುಗಳಿಗೆ ಅರ್ಜಿ ಕರೆಯುವುದು ಎಷ್ಟೋ ವರ್ಷಕ್ಕೊಮ್ಮೆ. ಟೀಚರ ಕಣ್ಣು ಅದರ ಮೇಲೆ.

ಕ್ಲಾಸಿನ ಶೋಭಾ ಯಾವಾಗಲೂ ತಡ. ಬೇಕರಿಯಲ್ಲಿ ಕೆಲಸ, ಆದಿತ್ಯವಾರವೂ ಅರ್ಧ ದಿನ. ಒಮ್ಮೆ ಪೇಪರಿನ ಮರಣವಾರ್ತೆಯನ್ನು ಕ್ರಿಕೆಟ್ ಕಾಮೆಂಟರಿಯಂತೆ ಒಂದೇ ಉಸಿರಿಗೆ ಓದಿ ಮುಗಿಸಿದಳಂತೆ. ಮನೆಗೆ ಬಂದು ಅದನ್ನು ಹೇಳುವಾಗ ಟೀಚರ್ ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. "ನಿಧಾನ ಮಾರಾಯ್ತಿ, ಸತ್ತವನಿಗೆ ಅವಸರ ಇಲ್ಲ ಅಂತ ಹೇಳಿದೆ" ಎಂದಳು.

ಹೆಂಡತಿಯನ್ನು ನಾನೂ ಟೀಚರ್ ಎಂದೇ ಕರೆಯುತ್ತಿದ್ದೆ. ಒಂದು ಬುಧವಾರ ಮಕ್ಕಳಿಗೆ ಗಂಜಿ ಬಡಿಸಿ, ಗೋಡೆಗೆ ಒರಗಿ ಕೂತವಳು ಏಳಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಕಳೆದ ವಾರ ನಾನು ಅಂಗಡಿಯ ಷಟರ್ ಎತ್ತುವ ಹೊತ್ತಿಗೆ ಶೋಭಾ ಮೆಟ್ಟಿಲು ಹತ್ತಿ ಬಂದಳು. ಬೇಕರಿಯ ಏಪ್ರನ್ ಕಳಚಿರಲಿಲ್ಲ.

"ಟೈಲರಣ್ಣ, ಟೀಚರ ಫೋನ್ ಎಲ್ಲುಂಟು?"

"ಮನೆಯಲ್ಲುಂಟು. ಯಾಕೆ?"

"ಆನ್ ಉಂಟಾ?"

"ಇಲ್ಲ."

"ಎಷ್ಟು ದಿವಸ ಆಯ್ತು ಆಫ್ ಮಾಡಿ?"

ಹೇಳಿದೆ. ಅವಳು ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತುಬಿಟ್ಟಳು. "ಆ ಕ್ಲರ್ಕ್ ಪರೀಕ್ಷೆಗೆ ಇವತ್ತು ಲಾಸ್ಟ್ ಡೇಟ್" ಎಂದಳು.

ಗೊತ್ತಿಲ್ಲದವರಿಗೆ ಒಂದು ಮಾತು. ಈ ಪರೀಕ್ಷೆಗೆ ಅರ್ಜಿ ಹಾಕಿದರೆ ಮುಗಿಯಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ, ಕಂಪ್ಯೂಟರಿನಲ್ಲಿ ನಿಮ್ಮ ಪ್ರೊಫೈಲ್ ತೆರೆದು, "ಹೌದು, ನಾನು ಬಂದು ಬರೆಯುತ್ತೇನೆ" ಎಂದು ಖಚಿತ ಮಾಡಬೇಕು. ಕನ್ಫರ್ಮೇಷನ್ ಎನ್ನುತ್ತಾರೆ. ಮಾಡುವಾಗ ನೀವು ಕೊಟ್ಟ ಫೋನ್ ನಂಬರಿಗೆ ಓಟಿಪಿ ಬರುತ್ತದೆ. ಅದನ್ನು ಹೊಡೆದರೆ ಆಯಿತು. ಹೇಳಿದ ದಿನದೊಳಗೆ ಮಾಡದಿದ್ದರೆ ಅರ್ಜಿ ಸತ್ತ ಹಾಗೆ. ಎರಡು ವರ್ಷ ಓದಿದ್ದು, ಮಲಯಾಳ ಕಲಿತದ್ದು ಯಾವುದನ್ನೂ ಯಾರೂ ಕೇಳುವುದಿಲ್ಲ.

ಶೋಭಾಳ ಪ್ರೊಫೈಲಿನಲ್ಲಿದ್ದ ನಂಬರ್ ಟೀಚರದ್ದು. ಅವಳದ್ದು ಮಾತ್ರವಲ್ಲ, ಕ್ಲಾಸಿನ ಹೆಚ್ಚಿನವರದ್ದೂ ಹಾಗೆಯೇ.

ಕನ್ಫರ್ಮೇಷನ್ ಕೊಡಬೇಕೆಂದು ಮೆಸೇಜ್ ಬಂದಾಗ ಟೀಚರ್ ಫೋನ್ ಮಾಡಿ ಕರೆಯುವುದು, ಇವರು ಓಡಿ ಬರುವುದು, ಇದು ವಾಡಿಕೆ. ಟೀಚರ್ ಹೋದ ಮೇಲೆ ಕರೆಯುವವರು ಯಾರು? ಆ ದಿನ ಬೇಕರಿಗೆ ಬನ್ ತೆಗೆದುಕೊಳ್ಳಲು ಬಂದ ಒಬ್ಬಳು ಗಿರಾಕಿ, ಇವತ್ತೇ ಕೊನೆಯ ದಿನ, ಕನ್ಫರ್ಮೇಷನ್ ಕೊಟ್ಟೆ ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದಳಂತೆ. ಶೋಭಾ ಬನ್ ಕಟ್ಟುವುದನ್ನು ಅಲ್ಲಿಗೇ ಬಿಟ್ಟು ಓಡಿ ಬಂದಿದ್ದಳು.

"ಮುಂದಿನ ಸಲ ಕರೆದಾಗ ಹಾಕುವ" ಎಂದೆ. ಪೆದ್ದು ಮಾತು.

"ಮುಂದಿನ ಸಲಕ್ಕೆ ನನ್ನ ವಯಸ್ಸು ದಾಟುತ್ತದೆ, ಅಣ್ಣ."

ಷಟರ್ ಇಳಿಸಿದೆ. ಮನೆಗೆ ಹೋಗಿ ಕಪಾಟು ತೆರೆದೆ. ಫೋನ್ ಚಾರ್ಜಿಗೆ ಹಾಕಿ ಆನ್ ಮಾಡಿದರೆ ಗೆರೆಗಳಿರಬೇಕಾದ ಜಾಗದಲ್ಲಿ ಒಂದು ಅಡ್ಡ ಗೀಟು. ನೆಟ್‌ವರ್ಕ್ ಇಲ್ಲ. ಅದನ್ನು ಹಿಡಿದುಕೊಂಡು ಇಬ್ಬರೂ ಮೊಬೈಲ್ ಅಂಗಡಿಗೆ ಹೋದೆವು. ಅಲ್ಲಿ ಕೂತ ಹುಡುಗಿ ನಂಬರ್ ಹಾಕಿ ನೋಡಿ, ಮೂರು ತಿಂಗಳಿಗಿಂತ ಹೆಚ್ಚು ಬಳಸದ ಕಾರಣ ಕಟ್ ಆಗಿದೆ ಎಂದಳು. ಮತ್ತೆ ಬೇಕಾದರೆ?

"ಆಳ್ ನೇರಿಟ್ಟ್ ವರಣಂ, ಚೇಟ್ಟಾ." ಯಾರ ಹೆಸರಿನಲ್ಲಿ ಉಂಟೋ ಅವರೇ ನೇರ ಬರಬೇಕು.

"ಅವರು ಬರ್ಲಿಕ್ಕಿಲ್ಲ" ಎಂದೆ.

"ಊರಲ್ಲಿ ಇಲ್ವಾ? ಗಲ್ಫಾ?"

ಶೋಭಾ ನನ್ನ ಮುಖ ನೋಡಿದಳು. ಆಮೇಲೆ ಆ ಹುಡುಗಿಗೆ ತಾನೇ ಹೇಳಿದಳು, ಮಲಯಾಳದಲ್ಲಿ, ಒಂದೂ ತಪ್ಪಿಲ್ಲದೆ, ನಿಧಾನವಾಗಿ. ಹುಡುಗಿ ಎದ್ದು ನಿಂತು "ಸಾರಿ" ಎಂದಳು. ಮರಣ ಸರ್ಟಿಫಿಕೇಟ್, ಆಧಾರ್ ಎಲ್ಲ ಕೊಟ್ಟರೆ ನೋಡಬಹುದು, ಆದರೆ ವಾರ ಹಿಡಿದೀತು ಎಂದಳು.

ನಮ್ಮ ಹತ್ತಿರ ಇದ್ದದ್ದು ಒಂದು ದಿನ. ಅದರಲ್ಲೂ ಅರ್ಧ ಮುಗಿದಿತ್ತು.

ಅಲ್ಲಿಂದ ರಫೀಕನ ಕಂಪ್ಯೂಟರ್ ಸೆಂಟರ್. ರಫೀಕ್ ನನ್ನ ಕೆಳಗಿನ ಅಂಗಡಿಯವನು, ಬೆಳಿಗ್ಗೆಯಿಂದ ಸಂಜೆಯವರೆಗೆ ಊರಿಡೀ ಅರ್ಜಿ ತುಂಬಿಸುವವನು. ಅವನು ಪ್ರೊಫೈಲ್ ತೆರೆದ. ನಂಬರ್ ಬದಲಿಸಲು ನೋಡಿದ. "ಇದಕ್ಕೂ ಹಳೆ ನಂಬರಿಗೇ ಓಟಿಪಿ ಹೋಗ್ತದೆ, ಅಣ್ಣ" ಎಂದ. ಪರೀಕ್ಷೆ ನಡೆಸುವ ಆಫೀಸಿಗೆ ಫೋನ್ ಮಾಡಿದೆವು. ಆ ಕಡೆ ಇದ್ದ ಹೆಂಗಸು ಒಳ್ಳೆಯವರು. ಎರಡು ಸಲ ವಿಚಾರಿಸಿ ಬಂದು, ಪ್ರೊಫೈಲಿನ ಮೂಲಕವೇ ಆಗಬೇಕು, ಇಲ್ಲಿಂದ ಏನೂ ಮಾಡಲು ಬರುವುದಿಲ್ಲ ಎಂದರು. ಅವರ ಧ್ವನಿಯಲ್ಲಿ ಬೇಸರವಿತ್ತು. ಬೇಸರಕ್ಕೆ ಓಟಿಪಿ ಬರುವುದಿಲ್ಲ.

"ನಿಮ್ಮ ಹತ್ತಿರ ಫೋನ್ ಇರುವಾಗ ಟೀಚರ ನಂಬರ್ ಯಾಕೆ ಹಾಕಿದ್ದು ನೀವು?" ರಫೀಕ್ ಶೋಭಾಳನ್ನು ಕೇಳಿದ. ಅವಳು ಬೇಕರಿಗೆ ಹೇಳಿ ಬರುತ್ತೇನೆ ಎಂದು ಹೊರಗೆ ಹೋದಳು.

ಅವಳು ಹೋದ ಮೇಲೆ ರಫೀಕ್ ಸ್ವರ ತಗ್ಗಿಸಿದ. "ಬೇಜಾರು ಮಾಡ್ಬೇಡಿ ಅಣ್ಣ. ನಾನು ದಿನಾ ನೋಡ್ತೇನಲ್ಲ. ಈ ಕಾಲನಿಯವರಿಗೆ ಎಂತ ಮಾಡಿದ್ರೂ ಅಷ್ಟೇ. ಪಾಸ್‌ವರ್ಡ್ ಗೊತ್ತಿಲ್ಲ, ಇಮೇಲ್ ಗೊತ್ತಿಲ್ಲ, ಎಲ್ಲ ಬೇರೆಯವರು ಮಾಡಿ ಕೊಡ್ಬೇಕು. ಜವಾಬ್ದಾರಿ ಅಂತ ಒಂದು ಇಲ್ಲ. ಟೀಚರ್ ಸುಮ್ಮನೆ ಜೀವ ತೇದ್ರು."

ರಫೀಕ್ ಕೆಟ್ಟವನಲ್ಲ. ಟೀಚರನ್ನು ಆಸ್ಪತ್ರೆಗೆ ಕೊಂಡುಹೋದದ್ದು ಅವನದೇ ಕಾರಿನಲ್ಲಿ. ಅದಕ್ಕೆ ಆಗ ಸುಮ್ಮನಿದ್ದೆ. ಈಗ ಇಲ್ಲಿ ಬರೆಯುತ್ತೇನೆ. (ಅವನು ಈ ಪತ್ರಿಕೆ ಓದುತ್ತಾನೆ, ಕೊನೆಯ ಪುಟದಿಂದ ಶುರು ಮಾಡಿ. ಗುರುವಾರದ ಹೊತ್ತಿಗೆ ಇಲ್ಲಿಗೆ ತಲುಪಬಹುದು.)

ರಫೀಕ್, ನನ್ನ ಗ್ಯಾಸ್ ಯಾರ ನಂಬರಿನಲ್ಲಿತ್ತು ಗೊತ್ತುಂಟಾ? ಟೀಚರ ನಂಬರಿನಲ್ಲಿ. ಕರೆಂಟ್ ಬಿಲ್? ಟೀಚರ ನಂಬರಿಗೆ. ನನ್ನ ಬ್ಯಾಂಕಿನ ಮೆಸೇಜ್ ಕೂಡ ಅಲ್ಲಿಗೇ. ನನ್ನ ಹೊಲಿಗೆ ಅಂಗಡಿಯ ಲೈಸೆನ್ಸ್ ಯಾವಾಗ ಮುಗಿಯುತ್ತದೆ ಎಂಬುದು ನನಗಿಂತ ಆ ಫೋನಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಹೋದ ಮೇಲೆ ಗ್ಯಾಸ್ ಮುಗಿಯಿತು. ಬುಕ್ ಮಾಡಲು ಬರಲಿಲ್ಲ. ಎರಡು ವಾರ ಹೋಟೆಲಿನಲ್ಲಿ ಉಂಡೆ.

ಆಗ ಪೇಟೆಯವರು ಏನೆಂದರು? "ಪಾಪ" ಎಂದರು. "ಟೀಚರೇ ಎಲ್ಲ ನೋಡಿಕೊಳ್ತಿದ್ದದ್ದಲ್ವಾ, ಇವರಿಗೆ ಎಂತ ಗೊತ್ತುಂಟು" ಎಂದರು. ನೀನೇ ಬಂದು ಹೊಸ ನಂಬರ್ ಹಾಕಿಸಿಕೊಟ್ಟೆ. ನನ್ನನ್ನು ಯಾರೂ ಜವಾಬ್ದಾರಿ ಇಲ್ಲದವನು ಎನ್ನಲಿಲ್ಲ. ನಾನು ಇರುವುದು ಮೇನ್ ರೋಡಿನ ಬದಿಯ ಮನೆಯಲ್ಲಿ. ಶೋಭಾ ಇರುವುದು ಹಿಂದಿನ ಓಣಿಯಲ್ಲಿ. ನಮ್ಮಿಬ್ಬರ ತಪ್ಪಿನಲ್ಲಿ ನನಗೆ ಕಾಣುವ ವ್ಯತ್ಯಾಸ ಇಷ್ಟೇ.

ಅವಳು ಮೊದಲು ಟೀಚರ ನಂಬರ್ ಹಾಕಿದ್ದಕ್ಕೂ ಕಾರಣವಿತ್ತು. ಆಗ ಅವರ ಮನೆಗೆ ಇದ್ದದ್ದು ಒಂದೇ ಫೋನ್. ಅದು ಗಂಡನ ಕಿಸೆಯಲ್ಲಿ. ಗಂಡ ಕುಂಬ್ಡಾಜೆ ಕಡೆಗೆ ಜೀಪ್ ಓಡಿಸುತ್ತಿದ್ದ. ಓಟಿಪಿಯ ಆಯುಷ್ಯ ಕೆಲವು ನಿಮಿಷ, ಜೀಪ್ ತಿರುಗಿ ಬರುವುದು ಎರಡು ಗಂಟೆಯ ನಂತರ. ಒಂದು ಸಲ ಹಾಗೆಯೇ ಒಂದು ಪರೀಕ್ಷೆ ತಪ್ಪಿತ್ತು. ಅದಕ್ಕೇ ಟೀಚರ್ ತನ್ನದನ್ನು ಹಾಕಿಸಿದ್ದು.

ಆಮೇಲೆ ತಿರುವಿನಲ್ಲಿ ಜೀಪ್ ಮಗುಚಿತು. ಗಂಡನ ಸೊಂಟಕ್ಕೆ ಬಿತ್ತು ಏಟು. ಎರಡು ವರ್ಷದಿಂದ ಅವನು ಮನೆಯಲ್ಲಿ ಮಲಗಿದ್ದಾನೆ, ಗೋಡೆ ಹಿಡಿದು ಬಚ್ಚಲಿಗೆ ಹೋಗುವಷ್ಟು ಆಗಿದೆ. ಶೋಭಾ ಬೇಕರಿಗೆ ಸೇರಿದ್ದು ಆಗ. ಬರೀ ಅರ್ಜಿ ಹಾಕುವುದು ಬಿಟ್ಟು ಗಟ್ಟಿ ಮನಸ್ಸಿನಿಂದ ಓದಲು ಕೂತದ್ದೂ ಆಗಲೇ.

ಶೋಭಾ ತಿರುಗಿ ಬಂದಿದ್ದಳು. ಸಂಜೆ ಆರಕ್ಕೆ ರಫೀಕ್ ಕಂಪ್ಯೂಟರ್ ಮುಚ್ಚಿದ. "ಇನ್ನು ಆಗ್ಲಿಕ್ಕಿಲ್ಲ, ಅಕ್ಕ" ಎಂದ. ಈ ಸಲ ಅವನ ಧ್ವನಿಯೂ ಮೆತ್ತಗಿತ್ತು.

ಮೇಲೆ ನನ್ನ ಅಂಗಡಿಗೆ ಬಂದು ಅವಳಿಗೆ ನೀರು ಕೊಟ್ಟೆ. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಕೆಳಗೆ ಬಸ್ಸಿನವನು "ಕಾಸರಗೋಡು, ಕಾಸರಗೋಡು" ಎಂದು ಕೂಗುತ್ತಿದ್ದ. ಅವಳು ಅದನ್ನೇ ಕೇಳುತ್ತ ಕೂತಳು.

ನನಗೆ ತಡೆಯಲಾಗಲಿಲ್ಲ. "ತಪ್ಪು ನನ್ನದು ಶೋಭಾ" ಎಂದೆ. "ನಾನು ಫೋನ್ ಆಫ್ ಮಾಡಬಾರದಿತ್ತು. ಟೀಚರದ್ದೂ ತಪ್ಪುಂಟು. ಎಲ್ಲ ಕಲಿಸಿದಳು. ತಾನಿಲ್ಲದೆ ಹೇಗೆ ಅಂತ ಕಲಿಸಲಿಲ್ಲ."

ಸತ್ತವಳ ಮೇಲೆ ದೂರು ಹೇಳಿದ್ದು ಅದೇ ಮೊದಲು. 

ಶೋಭಾ ತಲೆ ಎತ್ತಿದಳು. "ಟೀಚರ್ ಮೂರು ಸಲ ಹೇಳಿದ್ದಾರೆ, ಅಣ್ಣ. ಈಗ ನಿನ್ನದೇ ಫೋನ್ ಉಂಟಲ್ಲ, ನಂಬರ್ ಬದಲಿಸು ಅಂತ. ಒಮ್ಮೆ ಬೈದೂ ಬೈದ್ರು. ಆಯ್ತು ಟೀಚರ್, ನಾಳೆ ಟೀಚರ್ ಅಂತ ನಾನೇ ತಳ್ಳಿದ್ದು."

"ಯಾಕೆ?"

ಅವಳು ನೀರಿನ ಲೋಟವನ್ನು ಕೈಯಲ್ಲೇ ತಿರುಗಿಸಿದಳು.

"ಅವರ ನಂಬರ್ ಇದ್ರೆ ಅವರು ಫೋನ್ ಮಾಡ್ತಾರಲ್ಲ, ಅದಕ್ಕೆ. 'ಎಲ್ಲಿ ಸತ್ತಿದ್ದಿ ಮಾರಾಯ್ತಿ, ನಿನ್ನ ಪರೀಕ್ಷೆಯ ಮೆಸೇಜ್ ಬಂತು, ಓಡಿ ಬಾ' ಅಂತ. ನನಗೆ ಫೋನ್ ಮಾಡುವವರು ಯಾರಿದ್ದಾರೆ ಹೇಳಿ? ಬೇಕರಿಯ ಧಣಿ ಮಾಡ್ತಾರೆ, ಲೇಟಾಯ್ತು ಅಂತ. ಆಸ್ಪತ್ರೆಯಿಂದ ಮಾಡ್ತಾರೆ."

ನಾಲ್ಕು ತಿಂಗಳಿಂದ ಆ ಫೋನಿನ ಸದ್ದು ಬೇಡವೆಂದು ಮುಚ್ಚಿಟ್ಟವನು ನಾನು. ಆ ಸದ್ದಿಗಾಗಿಯೇ ನಂಬರ್ ಬದಲಿಸದೆ ಉಳಿದವಳು ಇವಳು.

"ಆದ್ರೂ ನಾನು ಆಫ್ ಮಾಡದಿದ್ರೆ..." ಎಂದು ಮತ್ತೆ ಶುರು ಮಾಡಿದೆ.

"ಬಿಡಿ ಟೈಲರಣ್ಣ." ಅವಳು ಸ್ವಲ್ಪ ಖಾರವಾಗಿಯೇ ಹೇಳಿದಳು. "ಜೀಪ್ ಮಗುಚಿದ್ದು ನನ್ನ ತಪ್ಪಲ್ಲ. ಟೀಚರ್ ಹೋದದ್ದು ನಿಮ್ಮ ತಪ್ಪಲ್ಲ. ಇದೊಂದು ನನ್ನದು. ನನ್ನ ತಪ್ಪನ್ನು ನನಗೆ ಬಿಡಿ. ಅದನ್ನೂ ನೀವೇ ತಗೊಂಡ್ರೆ ನಾನು 'ಅಯ್ಯೋ ಪಾಪ' ಅಂತ ಮಾತ್ರ ಆಗ್ತೇನೆ. ಅದು ನನಗೆ ಸಾಕಾಗಿದೆ."

ನೀರಿನ ಲೋಟ ಬೆಂಚಿನ ಮೇಲಿಟ್ಟು ಇಳಿದು ಹೋದಳು.

ಆ ಮಾತನ್ನು ವಾರವಿಡೀ ತಿರುಗಿಸಿ ನೋಡಿದೆ. ಹತ್ತನೆಯ ಕ್ಲಾಸನ್ನು ಎರಡನೆಯ ಸಲಕ್ಕೆ ದಾಟಿದವನು ನಾನು, ದೊಡ್ಡ ವಿಚಾರ ತಿಳಿಯದು. ಆದರೆ ಇಷ್ಟು ತಿಳಿಯಿತು. ಪೇಟೆಯಲ್ಲಿ ಎರಡು ಬಗೆಯ ಜನ ಇದ್ದೇವೆ. ಒಬ್ಬರು ರಫೀಕನ ಹಾಗೆ, ಆ ಓಣಿಯವರ ಕಷ್ಟವನ್ನೆಲ್ಲ ಅವರದೇ ತಪ್ಪು ಎನ್ನುವವರು. ಇನ್ನೊಬ್ಬರು ನನ್ನ ಹಾಗೆ, ಅವರ ತಪ್ಪನ್ನೆಲ್ಲ ಕಷ್ಟ ಎಂದು ಸವರಿಬಿಡುವವರು. ನಾನು ಒಳ್ಳೆಯವನು ಎಂದುಕೊಂಡಿದ್ದೆ. ಶೋಭಾಳ ಮುಂದೆ ಇಬ್ಬರೂ ಫೇಲ್. ಯಾವುದು ತನ್ನ ಮೇಲೆ ಬಂದು ಬಿದ್ದದ್ದು, ಯಾವುದು ತಾನು ಮಾಡಿದ್ದು ಎಂದು ಅವಳು ಸ್ಪಷ್ಟವಾಗಿ ಬೇರೆ ಮಾಡಿ ಇಟ್ಟಳು. ನಮ್ಮಿಬ್ಬರಿಗೂ ಅಷ್ಟು ತಾಳ್ಮೆ ಇರಲಿಲ್ಲ.

ಟೀಚರ್ ಮಾಡುತ್ತಿದ್ದದ್ದೂ ಅದನ್ನೇ ಎಂದು ಈಗ ಅನಿಸುತ್ತದೆ. ಬೇಕರಿಯಿಂದ ತಡವಾಯಿತು ಎಂದರೆ ಬೈಯುತ್ತಿರಲಿಲ್ಲ. ಆದರೆ ಪೇಪರ್ ಓದುವುದನ್ನು ಬಿಡುತ್ತಲೂ ಇರಲಿಲ್ಲ.

ಮೊನ್ನೆ ಆದಿತ್ಯವಾರ ಮಧ್ಯಾಹ್ನ ಯಾರೋ ಅಂಗಡಿಯ ಷಟರ್ ತಟ್ಟಿದರು. ರಜೆ ಎಂದು ನಾನು ಒಳಗೆ ಸುಮ್ಮನೆ ಬಟನ್ ಹಾಕುತ್ತಿದ್ದೆ. ಎತ್ತಿ ನೋಡಿದರೆ ಶೋಭಾ. ಅವಳ ಹಿಂದೆ ಮೆಟ್ಟಿಲಿನ ಉದ್ದಕ್ಕೂ ಕ್ಲಾಸಿನ ಹೆಂಗಸರು. ಅಂಗನವಾಡಿಯ ಹೊಸ ಟೀಚರ್ ಊರಿಗೆ ಹೋಗಿದ್ದಾರೆ, ಬೀಗ ಹಾಕಿದೆ, ಆದ್ದರಿಂದ ಇಲ್ಲಿ ಕೂರುತ್ತೇವೆ ಎಂದಳು. ಕೇಳಲಿಲ್ಲ, ಹೇಳಿದಳು. ಆ ಪರೀಕ್ಷೆಗೆ ಅರ್ಜಿ ಹಾಕಿದ್ದವಳು ಇವರಲ್ಲಿ ಶೋಭಾ ಒಬ್ಬಳೇ, ಉಳಿದವರಿಗೆ ಬೇರೆ ಪರೀಕ್ಷೆಗಳು ಮುಂದಿನ ತಿಂಗಳುಗಳಲ್ಲಿ ಇವೆ. ಬಂದವರೆಲ್ಲರ ಪ್ರೊಫೈಲಿನಲ್ಲೂ ಆ ಸತ್ತ ನಂಬರೇ. ಅದನ್ನು ಸರಿ ಮಾಡಲು ಮನವಿ ಬರೆಯಬೇಕು, ದಾಖಲೆ ಸೇರಿಸಬೇಕು, ಹೊಸ ನಂಬರ್ ಕೊಡಬೇಕು. ಇನ್ನೂ ಸಮಯ ಉಂಟು.

ಕಟಿಂಗ್ ಟೇಬಲಿನ ಬಟ್ಟೆ ಸರಿಸಿ ಜಾಗ ಮಾಡಿಕೊಟ್ಟೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ರಫೀಕ್ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಯಾರು ಕರೆದರೋ ಗೊತ್ತಿಲ್ಲ. "ನಾನು ಹೊಡೆದು ಕೊಡ್ತೇನೆ, ಕೊಡಿ" ಎಂದ.

"ಬೇಡ, ಅವರೇ ಹೊಡೀಲಿ. ನೀವು ತೋರಿಸಿ ಕೊಡಿ" ಎಂದಳು ಶೋಭಾ.

ಗೀತಾ ಎಂಬ ಹುಡುಗಿ ಮೆಲ್ಲನೆ ಕೇಳಿದಳು. "ಶೋಭಕ್ಕ, ನಿಮ್ಮದು ಹೋಯ್ತಲ್ಲ. ಮತ್ತೆ ನೀವು ಯಾಕೆ ರಜೆ ಹಾಕಿ ಬಂದದ್ದು?"

"ನಂದು ಹೋದದ್ದಕ್ಕೇ ಬಂದದ್ದು. ಬಾಯಿ ಮುಚ್ಚಿ ಬರಿ."

ಎಲ್ಲರೂ ನಕ್ಕರು. ಅವಳೂ ನಕ್ಕಳು, ಸ್ವಲ್ಪ ತಡವಾಗಿ.

ಸಾಲಿನಲ್ಲಿ ಕೊನೆಗೆ ಇದ್ದವರು ಕಮಲಕ್ಕ. ಐದಾರು ಮನೆಗಳಲ್ಲಿ ಕೆಲಸ ಮಾಡುವವರು, ಮಾತು ಜೋರು. ಶೋಭಾ ಪೆನ್ ಹಿಡಿದು ನಂಬರ್ ಕೇಳಿದಳು. ಕಮಲಕ್ಕ ಒಂದೇ ಉಸಿರಿಗೆ ಹೇಳಿದರು.

"ಇದು ಯಾರದ್ದು?"

"ನಮ್ಮ ಯಜಮಾನರದ್ದು."

"ಯಜಮಾನರು ಪರೀಕ್ಷೆ ಬರೀತಾರಾ? ನಿಮ್ಮದು ಹೇಳಿ."

ಕಮಲಕ್ಕ ಸೆರಗಿನ ಗಂಟಿನಿಂದ ಫೋನ್ ತೆಗೆದರು. ಹಿಂದೆ ಮುಂದೆ ತಿರುಗಿಸಿ ನೋಡಿದರು, ನಂಬರ್ ಅದರ ಮೇಲೆ ಬರೆದಿರುತ್ತದೆ ಎಂಬಂತೆ. ಆಮೇಲೆ ಅದನ್ನು ಟೇಬಲಿನ ಮೇಲೆ ಇಟ್ಟು, ನಮ್ಮೆಲ್ಲರ ಮುಖ ಒಮ್ಮೆ ನೋಡಿದರು.

"ನನಗೆ ಬಾಯಿಗೆ ಬರುವುದಿಲ್ಲ. ಇಷ್ಟರವರೆಗೆ ನನ್ನ ನಂಬರ್ ಯಾರು ಕೇಳಿದ್ದಾರೆ?"

ಜವಾಬ್ದಾರಿ ಇಲ್ಲ ಎಂದು ಇಷ್ಟು ವರ್ಷ ಬೈದ ನಾವು, ಒಮ್ಮೆಯಾದರೂ ಕೇಳಿದ್ದೇವಾ?